ನೀರು ಕುಡಿಯದ ಗಾಡಿ

ಶಿವರಾಜನ ಕಾರಿಗೆ ಗಾಳಿಯ ಫಿಲ್ಟರಿನ ಡಬ್ಬಿ ಇರಲಿಲ್ಲ.

ಕಂಪನಿಯಿಂದ ಬಂದಾಗ ಇತ್ತು. ಗಾಡಿ ಗುರ್ ಎನ್ನಬೇಕೆಂಬ ಚಟಕ್ಕೆ ಬಿದ್ದು ಅವನೇ ಅದನ್ನು ಬಿಚ್ಚಿಸಿ ಎಸೆದಿದ್ದ. ಅದರ ಜಾಗದಲ್ಲಿ ಲಿಂಗಸೂರಿನ ಮೆಕ್ಯಾನಿಕ್ ಯೂನುಸ ಒಂದು ಉದ್ದ ಕೊಳವೆ ಜೋಡಿಸಿ, ತುದಿಗೆ ಕೆಂಪು ಬಣ್ಣದ, ಮುಚ್ಚಳವಿಲ್ಲದ ಬಯಲು ಫಿಲ್ಟರ್ ಕೂರಿಸಿದ್ದ. ಅದು ಮುಂದಿನ ಬಂಪರಿನ ಹಿಂದೆ ಮೊಣಕಾಲೆತ್ತರದಲ್ಲಿ ನೇತಾಡುತ್ತಿತ್ತು. ಬೇಸಿಗೆಯಲ್ಲಿ ಅದರ ಸದ್ದಿಗೆ ಹಟ್ಟಿ ಚಿನ್ನದ ಗಣಿಯ ಕ್ವಾರ್ಟರ್ಸಿನ ಹುಡುಗರೆಲ್ಲ ತಿರುಗಿ ನೋಡುತ್ತಿದ್ದರು. ಮಳೆಗಾಲದ ಮಾತನ್ನು ಯೂನುಸ ಅಂದೇ ಹೇಳಿದ್ದ. ಅದು ಗಾಡಿ ಗಾಳಿ ಎಳೆಯುವ ಬಾಯಿ. ಅಲ್ಲಿಂದ ನೀರು ಕುಡಿದರೆ ಎಂಜಿನ್ ನಿಂತಲ್ಲೇ ಸಾಯುತ್ತದೆ.

ಈಗ ಮಸ್ಕಿ ಇನ್ನೂ ದೂರವಿತ್ತು. ಶಿವರಾಜ ರಸ್ತೆಯ ಪಕ್ಕ ಬಾನೆಟ್ ಎತ್ತಿಕೊಂಡು ಮಳೆಯಲ್ಲಿ ನಿಂತಿದ್ದ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಅನುಪಮಾ, ತಾಯಿ ಪಾರ್ವತೆಮ್ಮ, ಇಬ್ಬರ ತೊಡೆಯ ಮೇಲೂ ಚಾಚಿಕೊಂಡ ಒಂದೂವರೆ ವರ್ಷದ ಕೂಸು. ಬೆಳಿಗ್ಗೆಯಿಂದ ಕೂಸಿನ ತೊಡೆಸಂದಿಯಲ್ಲಿ ಗಂಟೊಂದು ಕಲ್ಲಿನಂತೆ ಬಿಗಿದಿತ್ತು. ಕರುಳು ಸಿಕ್ಕಿಕೊಂಡಿದೆ, ಹೊತ್ತು ಮುಳುಗುವುದರೊಳಗೆ ಸಿಂಧನೂರಿನಲ್ಲಿ ಆಪರೇಷನ್ ಆಗಬೇಕು ಎಂದು ಲಿಂಗಸೂರಿನ ಡಾಕ್ಟರು ಹೇಳಿದ್ದರು. ಅಲ್ಲಿಗೆ ಅವರೇ ಫೋನ್ ಮಾಡಿ ಶಿವರಾಜನ ನಂಬರನ್ನೂ ಕೊಟ್ಟಿದ್ದರು. ಬಸ್ಸುಗಳು ನಿಂತಿದ್ದವು. ಆಂಬ್ಯುಲೆನ್ಸ್ ಯಾವುದೋ ಹಳ್ಳದ ಆಚೆ ಸಿಕ್ಕಿಬಿದ್ದಿತ್ತು. ಉಳಿದದ್ದು ಈ ಗಾಡಿ ಒಂದೇ.

ಮುಂದಿನ ಹಳ್ಳದಲ್ಲಿ ಫಿಲ್ಟರಿಗೆ ನೀರು ಹೋಗದಂತೆ ಏನು ಮಾಡಲಿ ಎಂದು ಕೇಳಲು ಅವನು ಯೂನುಸನಿಗೆ ಫೋನ್ ಹಚ್ಚಿದ.

"ಲೇ ಶಿವ್ಯಾ, ಅದರ ಮ್ಯಾಲ ಏನರ ಮುಚ್ಚಿ ಮರೆ ಮಾಡು. ಪೂರಾ ಬಾಯಿ ಕಟ್ಟಿಗಿಟ್ಟೀಯ ಮತ್ತ. ಉಸುರು ಸಿಗಲಿಲ್ಲಂದ್ರನೂ ಸಾಯ್ತೈತಿ. ಇನ್ನೊಂದು ಮಾತು ಕೇಳು..."

ಲೈನ್ ಕಟ್ಟಾಯಿತು. ಶಿವರಾಜ ಫೋನನ್ನು ತಾಯಿಯ ಕೈಗೆ ಕೊಟ್ಟು ಡಿಕ್ಕಿಯಲ್ಲಿದ್ದ ಅಡುಗೆ ಎಣ್ಣೆಯ ಖಾಲಿ ಕ್ಯಾನು ತೆಗೆದ. ಒಂದು ಮಗ್ಗುಲು ಕೊಯ್ದು, ಮಳೆಯಲ್ಲಿ ಕೂಲಿಯವರು ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡಂತೆ ಫಿಲ್ಟರಿನ ಮೇಲೆ ಹೊದಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದ. ಕೆಳಗೆ ಗಾಳಿಗೆ ಜಾಗ ಬಿಟ್ಟ. ಅಷ್ಟರಲ್ಲಿ ಒಳಗೆ ಫೋನ್ ರಿಂಗಾಯಿತು. ಪಾರ್ವತೆಮ್ಮ ಎತ್ತಿದಳು.

"ಯಾರಬೇ?"

"ಯಾವನೋ ಗಂಡಸು ನೋಡಪ್ಪ. ದನಿ ಹರಕೊಂಡು ಹರಕೊಂಡು ಬಂತು. ನೀರು ಕುಡಿಸಬ್ಯಾಡ್ರಿ, ಒಂದು ಹನಿನೂ ಬ್ಯಾಡ್ರಿ ಅಂದ. ಕಟ್ಟಾತು."

"ಯೂನುಸ," ಎಂದ ಶಿವರಾಜ. "ಆ ಮಗ ನನಗ ರೀ ಹಚ್ಚಿ ಮಾತಾಡ್ಯಾನಂದ್ರ, ಅದಕ್ಕ ನೋಡು ಇಷ್ಟು ಮಳಿ."

ಬೆಳಿಗ್ಗೆಯಿಂದ ಮೊದಲ ಸಲ ಅನುಪಮಾ ನಕ್ಕಳು.

ಮಸ್ಕಿಯ ಹತ್ತಿರ ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ಮೂರ್ನಾಲ್ಕು ಗಾಡಿಗಳು ನಡುನೀರಿನಲ್ಲಿ ಸತ್ತು ನಿಂತಿದ್ದವು. ಲುಂಗಿ ಎತ್ತಿ ಕಟ್ಟಿದವನೊಬ್ಬ ಕಿಟಕಿಯ ಹತ್ತಿರ ಬಂದ.

"ನಿಮ್ದು ಕುಡಿದಿಲ್ಲೇನ್ರಿ? ನಂದು ಹೊಟ್ಟಿತುಂಬ ಕುಡಿದು ಮಲಗೇತಿ."

ಶಿವರಾಜ ಕಿಟಕಿ ಏರಿಸಿದ. ಮೊದಲ ಗೇರು ಹಾಕಿ ನೀರಿಗಿಳಿದ. ನಡುವೆ ಕಾಲು ಸಡಿಲಿಸುವಂತಿಲ್ಲ, ಜೋರು ಮಾಡುವಂತಿಲ್ಲ. ಹಿಂದೆ ಕೂಸು ಕಿರುಚತೊಡಗಿತು. ತಿರುಗಿ ನೋಡುವಂತೆಯೂ ಇರಲಿಲ್ಲ. ನೀರು ಬಂಪರನ್ನು ನೆಕ್ಕುತ್ತಿತ್ತು. ಅವನ ಕೈಯಲ್ಲಿ ಏನೂ ಇರಲಿಲ್ಲ. ಸ್ಟೇರಿಂಗ್ ಇತ್ತು, ಅಷ್ಟೆ. ಅನುಪಮಾ ಏನೇನೋ ಹೇಳಿ ಕೂಸನ್ನು ರಮಿಸಿದಳು, ಒಣಗಿದ ತುಟಿಗೆ ಬಾಟಲಿ ಹಿಡಿದಳು, ಬೆನ್ನು ತಟ್ಟಿದಳು. ಕೂಸು ಸುಮ್ಮನಾಯಿತು. ಗಾಡಿ ಆಚೆ ದಡ ಹತ್ತಿತು.

ಗೊರೇಬಾಳದ ಹತ್ತಿರ ಗದ್ದೆಯ ನೀರು ರಸ್ತೆಗೆ ಬಂದಿತ್ತು. ಅದಕ್ಕೂ ಮೊದಲು ಕಾರಿನಿಂದಿಳಿದು ಬಾನೆಟ್ ಎತ್ತಿ ನೋಡಿದ. ಕೊಪ್ಪೆ ಸರಿದಿತ್ತು. ಟ್ಯೂಬನ್ನು ಹಲ್ಲಿನಲ್ಲಿ ಕಚ್ಚಿ ಮತ್ತೆ ಬಿಗಿದ. ದೇವರನ್ನು ನೆನೆಯಲಿಲ್ಲ. ನೆನೆಯುವಷ್ಟು ಪುರುಸೊತ್ತಿರಲಿಲ್ಲ.

ಸಿಂಧನೂರಿನ ಆಸ್ಪತ್ರೆಯ ಅಂಗಳದಲ್ಲಿಯೂ ಎರಡು ಕಾರು ಕೆಟ್ಟು ನಿಂತಿದ್ದವು. ಸುತ್ತ ಜನ ಎಂಜಿನ್ನಿನ ಮಾತಾಡುತ್ತಿದ್ದರು. ಹೆಂಗಸರು ಕೂಸನ್ನೆತ್ತಿಕೊಂಡು ಒಳಗೆ ಓಡಿದರು. ಶಿವರಾಜ ಅವರ ಹಿಂದೆ ಹೋಗಬೇಕಿತ್ತು. ಕೈ ತಾನಾಗಿಯೇ ಬಾನೆಟ್ ಎತ್ತಿತು. ಬೇರೆ ಊರಿಗೆ ಒಯ್ಯಿರಿ ಎಂದರೆ ಮತ್ತೆ ಇದೇ ಗಾಡಿ ಬೇಕು. ತಲೆ ಒಳಗೆ ಹಾಕಿ ಫಿಲ್ಟರಿನ ಮೇಲೆ ಬೆರಳಾಡಿಸಿದ. ಕಟಕ್ ರೊಟ್ಟಿಯಂತೆ ಒಣಗಿತ್ತು.

"ಏನ್ರಿ, ನೀರು ಗೀರು ಏನರ ಕುಡಿದೈತೇನು?" ಹಿಂದಿನಿಂದ ಯಾರೋ ಕೇಳಿದರು.

"ಒಂದು ಹನಿನೂ ಕುಡಿದಿಲ್ರಿ. ದಾರಿ ತುಂಬ ಕಾಕೊಂಡು ಬಂದೀನಿ," ಎಂದ ಶಿವರಾಜ, ತಲೆ ಎತ್ತದೆ.

"ಖಾತ್ರಿ ಐತಿಲ್ಲ?"

"ಆಣಿ ಮಾಡಿ ಹೇಳ್ತೀನ್ರಿ."

ಚಪ್ಪಲಿಯ ಸದ್ದು ಅವಸರದಿಂದ ದೂರವಾಯಿತು. ಅವನು ತಿರುಗಿದಾಗ ಅಲ್ಲಿ ಯಾರೂ ಇರಲಿಲ್ಲ. ಇಡೀ ದಿನದಲ್ಲಿ ತಾನು ಒಂದು ಕೆಲಸವನ್ನಾದರೂ ನೆಟ್ಟಗೆ ಮಾಡಿದೆ ಎನಿಸಿತು.

ಆಪರೇಷನ್ ಕೋಣೆಯ ಬಾಗಿಲು ತೆರೆಯಬಾರದಷ್ಟು ಬೇಗ ತೆರೆಯಿತು. ಡಾಕ್ಟರು ಮುಖದ ಬಟ್ಟೆ ಕೆಳಗೆಳೆದುಕೊಂಡರು. ಅರಿವಳಿಕೆ ಕೊಡುತ್ತಲೇ ವಾಂತಿಯಾಯಿತು, ಹೊಟ್ಟೆಯಲ್ಲಿದ್ದ ನೀರೆಲ್ಲ ಉಸಿರಿನ ಕೊಳವೆಗೆ ಇಳಿಯಿತು, ಎಷ್ಟು ಎಳೆದರೂ ಬರಲಿಲ್ಲ ಎಂದರು. ಅನುಪಮಾಳ ಕೈಯಲ್ಲಿ ಖಾಲಿ ಬಾಟಲಿ ಇತ್ತು.

"ಏನೂ ಕುಡಿದಿಲ್ಲ ಅಂತ ಹೇಳಿದವರು ಯಾರು?" ಡಾಕ್ಟರು ಕೇಳಿದರು.

ಅವರ ಹಿಂದೆ ನಿಂತಿದ್ದ ಕಂಪೌಂಡರ್ ಶಿವರಾಜನತ್ತ ಬೆರಳು ಮಾಡಿದ. ಅಂಗಳದಲ್ಲಿ ಕೇಳಿದ್ದ ಅದೇ ದನಿ.

"ಇವ್ರ ನೋಡ್ರಿ ಸರ್. ದಾರ್ಯಾಗಿದ್ದಾಗ ಫೋನ್ ಮಾಡಿ ಹೇಳಿದ್ದೆ. ಬಂದ ಮ್ಯಾಲೂ, ಹೆಂಗಸ್ರು ಅಳಾಕತ್ತಿದ್ರಂತ, ಅಂಗಳಕ್ಕ ಹೋಗಿ ಇವ್ರನ್ನ ಕೇಳೀನಿ. ಆಣಿ ಮಾಡಿದ್ರು."

ಗಾಡಿ ನೀರು ಕುಡಿದಿರಲಿಲ್ಲ. ಹೋದದ್ದು ಒಂದು ಕೂಸು.