ಹೊಳೆಯುವ ಕಡೆ

ಆರನೇ ಡಿಸ್ಕ್ ಬಿಸಿಬಿಸಿಯಾಗಿ ಹೊರಬಂದದ್ದೇ ತಡ, ಮೊಮ್ಮಗಳು ಅದನ್ನು ಹಿಡಿದು ಅಜ್ಜಿಯ ಕೋಣೆಗೆ ಓಡಿದಳು. ತೀರಿಹೋದ ತಾತನ ವಿಡಿಯೊ ಕಂಪ್ಯೂಟರಿನಲ್ಲಿ ತಡೆಯಿಲ್ಲದೆ ಓಡುತ್ತಿತ್ತು. ಡಿಸ್ಕಿಗೆ ಇಳಿಸಿದರೆ ಮಾತ್ರ ಅಜ್ಜಿಯ ಹಳೇ ಪ್ಲೇಯರ್ ಜಪ್ಪಯ್ಯ ಅಂದರೂ ತೋರಿಸುತ್ತಿರಲಿಲ್ಲ. ಫಾರ್ಮ್ಯಾಟ್ ಬದಲಿಸಿದ್ದಾಯಿತು, ಡಿಸ್ಕಿಗೆ ಬರೆಯುವ ವೇಗ ತಗ್ಗಿಸಿದ್ದಾಯಿತು.

ಪ್ಲೇಯರನ್ನು ಯಾರಿಗೂ ಮುಟ್ಟಗೊಡದ ಅಜ್ಜಿ ಡಿಸ್ಕನ್ನು ಒರೆಸಿ, ಕನ್ನಡಿಯಂತೆ ಹೊಳೆಯುವ ಕಡೆಯನ್ನು ಮೇಲೆ ಮಾಡಿ ಇಟ್ಟಳು.

“ಅಯ್ಯೋ ಅಜ್ಜಿ, ಉಲ್ಟಾ ಇಟ್ಟಿದ್ದೀಯಲ್ಲ!”

“ಮತ್ತೆ? ಮುಖ ಕಾಣೋ ಕಡೆ ಮೇಲಿರಬೇಡ್ವೇನೇ?”

ಮೊಮ್ಮಗಳು ಬಿದ್ದು ಬಿದ್ದು ನಗುತ್ತಾ, ಮೂಲೆಗೆಸೆದಿದ್ದ ಮೊದಲನೇ ಡಿಸ್ಕನ್ನೇ ತಂದು ಸರಿಯಾಗಿ ಇಟ್ಟಳು. ಪರದೆ ಬೆಳಗಿತು. ತಲೆ ಕೆಳಗಾಗಿ ಕಾಣಿಸಿಕೊಂಡ ತಾತ ಇವರತ್ತಲೇ ಕೈ ತೋರಿಸಿ ಕೂಗಿದ: “ಲೇ ಇವಳೇ, ಕ್ಯಾಮೆರಾ ಉಲ್ಟಾ ಹಿಡಿದಿದ್ದೀಯಲ್ಲೇ!”

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು.

“ನೀವೂ ಶುರು ಮಾಡಿದ್ರಾ?”