ನುಂಗದ ಮಾತ್ರೆ

"ಒಳಗೇ ಸಂಸಾರ ಹೂಡಿದ್ಯೇನಮ್ಮಾ?" ಎಂದು ಬಟ್ಟೆ ಕತ್ತರಿಸುವ ಕಟಿಂಗ್ ಅಕ್ಕ ಕಕ್ಕಸಿನ ಬಾಗಿಲು ಬಡಿದಾಗ, ಹೊಸದಾಗಿ ಸೇರಿದ್ದ ಹೊಲಿಗೆಯವಳು ಒಳಗಿನಿಂದ ಚಿಲಕವನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಮೂರು ಬಕೆಟ್ ನೀರು ಸುರಿದರೂ ಜಿಡ್ಡು ತೇಲುತ್ತಲೇ ಇತ್ತು, ವಾಸನೆಯೂ ಹೋಗಿರಲಿಲ್ಲ. ಇಡೀ ಕಾರ್ಖಾನೆಯ ಹೆಂಗಸರಿಗೆ ಇದ್ದದ್ದು ಅದೊಂದೇ ಕಕ್ಕಸು.

ಅವಳಿಗೆ ಹುಟ್ಟಿನಿಂದ ಸಿಸ್ಟಿಕ್ ಫೈಬ್ರೋಸಿಸ್. ಮೈಯೊಳಗಿನ ರಸಗಳೆಲ್ಲ ಅಂಟಿನಂತೆ ಗಟ್ಟಿ. ಊಟದ ಜೊತೆ ಮಾತ್ರೆ ನುಂಗದಿದ್ದರೆ ತಿಂದ ಜಿಡ್ಡು ಅರಗದೆ ಹಾಗೇ ಹೊರಬೀಳುತ್ತದೆ. ಅದೇ ಅಂಟು ಎದೆಯಲ್ಲೂ ಕಟ್ಟಿ ಕೆಮ್ಮಿಸುತ್ತದೆ. ಹಿಂದಿನ ಕೆಲಸದಲ್ಲಿ ಆ ಕೆಮ್ಮು ಕೇಳಿಯೇ ಕ್ಷಯವೆಂದು ಮನೆಗೆ ಕಳಿಸಿದ್ದರು. ಇಲ್ಲಾದರೂ ಯಾರಿಗೂ ಗೊತ್ತಾಗದಿರಲೆಂದು ಇವತ್ತು ಎಲ್ಲರ ನಡುವೆ ಕೂತು, ಮಾತ್ರೆಯಿಲ್ಲದೆ, ಕೊಟ್ಟ ಕರಿದ ತಿಂಡಿಯನ್ನೆಲ್ಲ ತಿಂದಿದ್ದಳು. ಈಗ ಹೊಟ್ಟೆ ಹಿಂಡುತ್ತಿತ್ತು. ಕೆಮ್ಮು ಹೊರಬೀಳದಂತೆ ತೋಳು ಕಚ್ಚಿದಳು. ಬೆವರಿನ ಉಪ್ಪು ನಾಲಿಗೆಗೆ ಹತ್ತಿತು.

"ಬಸುರಿಯೋ ಏನೋ!" ಹೊರಗೆ ಯಾರೋ ನಕ್ಕರು.

"ಸುಮ್ನಿರೇ. ಏನಾಯ್ತಮ್ಮಾ, ಹೇಳು," ಎಂದಳು ಅಕ್ಕ.

ಬಸುರಿಯೆಂದೇ ಅಂದುಕೊಳ್ಳಲಿ ಅನ್ನಿಸಿತು ಅವಳಿಗೆ ಒಂದು ಗಳಿಗೆ. ಆದರೆ ಆ ಸುಳ್ಳಿಗೂ ಒಂಬತ್ತೇ ತಿಂಗಳ ಆಯುಸ್ಸು. ಅಷ್ಟರಲ್ಲಿ ತಡೆದಿದ್ದ ಕೆಮ್ಮು ಕಟ್ಟೆಯೊಡೆದು ಬಂತು. ಅದು ನಿಂತ ಮೇಲೆ ಅವಳು ಚಿಲಕ ತೆಗೆದಳು. ವಾಸನೆ ಅವಳಿಗಿಂತ ಮೊದಲೇ ಹೊರಬಿತ್ತು. ಎಲ್ಲರ ಕೈಗಳೂ ಮೂಗಿಗೆ ಹೋದವು.

"ಕ್ಷಯ ಅಲ್ಲಕ್ಕಾ, ಯಾರಿಗೂ ಅಂಟಲ್ಲ. ಹುಟ್ಟಿದಾಗಿಂದ್ಲೂ ಇದೆ. ನಾಳೆಯಿಂದ ನಿಮ್ಮೆದುರೇ ಮಾತ್ರೆ ನುಂಗ್ತೀನಿ."

ಉಳಿದವರು ಒಂದು ಹೆಜ್ಜೆ ಹಿಂದೆ ಸರಿದರು. ಅಕ್ಕ ಮಾತ್ರ ಮೂಗಿನ ಮೇಲಿನ ಕೈ ತೆಗೆದಳು.