ಸೊಂಡಿಲು

ಅಹಲ್ಯಾ ತನ್ನ ಚಿತ್ರವನ್ನು ಹಾಲ್‌ನೊಳಗೆ ಇಟ್ಟು, ಕಾರು ನಿಲ್ಲಿಸಿ ವಾಪಸು ಬರುವಷ್ಟರಲ್ಲಿ ಅದಕ್ಕೆ ಪೂಜೆಯೇ ಮುಗಿದುಹೋಗಿತ್ತು.

ನಾಲ್ಕಡಿ ಎತ್ತರದ ಕ್ಯಾನ್‌ವಾಸಿನ ನಡುಮಧ್ಯೆ ಕುಂಕುಮದ ಬೊಟ್ಟು. ಮೇಲಂಚಿಗೆ ಸೆಲೋಟೇಪಿನಲ್ಲಿ ಅಂಟಿಸಿದ ಗರಿಕೆ. ಗರಿಕೆ ಎಲ್ಲಿ ಬಂತು, ಪರ್ತಿನ ಕ್ಯಾನಿಂಗ್ಟನ್ ಬಡಾವಣೆಯ ಆ ಬಾಡಿಗೆ ಹಾಲ್‌ನ ಮುಂದಿನ ಲಾನಿನಿಂದ ಕಿತ್ತು ತಂದ ಯಾವುದೋ ಹುಲ್ಲು ಅದು. ಎದುರಿಗೆ ಏಳೆಂಟು ಜನ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದರು.

"ಬಾಮ್ಮ ಬಾ, ಅಂತೂ ನಮಗೂ ಅರ್ಥ ಆಗೋ ಹಾಗೆ ಒಂದು ಬರೆದ್ಯಲ್ಲ!" ಎಂದರು ನಾಗವೇಣಿ ಆಂಟಿ. ಮೈಸೂರಿನಿಂದ ಮಗಳ ಬಾಣಂತನಕ್ಕೆಂದು ಬಂದು ಪರ್ತಿನಲ್ಲೇ ಉಳಿದುಬಿಟ್ಟ ಅವರು ಕನ್ನಡ ಸಂಘಕ್ಕೆಲ್ಲ ಹಿರಿಯರು. "ಆ ಕೇಸರಿ ಸೊಂಡಿಲು ನೋಡು, ಬಲಮುರಿ ಗಣಪತಿ! ಮೊದಲು ಕಂಡಿದ್ದು ನಂಗೇನೆ."

ಅಹಲ್ಯಾಗೆ ನಗು, ಸಿಟ್ಟು ಎರಡೂ ಒಟ್ಟಿಗೇ ಬಂದವು. ನೀಲಿಯ ಮೇಲೆ ಕೇಸರಿ ನಿಲ್ಲುತ್ತದೋ ಇಲ್ಲವೋ ನೋಡೋಣವೆಂದು ಮೂರು ತಿಂಗಳು ಒದ್ದಾಡಿ ಎಳೆದ ಪಟ್ಟೆ ಅದು. ಅದಕ್ಕೀಗ ಸೊಂಡಿಲಿನ ಯೋಗ.

ಹತ್ತೊಂಬತ್ತು ವರ್ಷ ಅವಳು ಇದೇ ಊರಿನ ವೆಲ್ಷ್‌ಪೂಲ್‌ನ ಡೆಂಟಲ್ ಲ್ಯಾಬೊಂದರಲ್ಲಿ ಕೃತಕ ಹಲ್ಲು ಕಟ್ಟುತ್ತಿದ್ದವಳು. ಪಕ್ಕದ ಹಲ್ಲಿನ ಬಿಳುಪಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಬರದಂತೆ ಬಣ್ಣ ಹೊಂದಿಸಬೇಕು. ಯಾರ ಕಣ್ಣಿಗೂ ಬೀಳದಿದ್ದರೆ ಮಾತ್ರ ಕೆಲಸ ಗೆದ್ದಂತೆ. ನಲವತ್ತೇಳಕ್ಕೆ ಅದನ್ನು ಬಿಟ್ಟು ಕುಂಚ ಹಿಡಿದದ್ದೇ, ಇನ್ನಾದರೂ ತಾನು ಮಾಡಿದ್ದನ್ನು ನಾಲ್ಕು ಜನ ನೋಡಲಿ ಎಂದು. ಆರು ವರ್ಷದಿಂದ ಪ್ರತಿ ಗಣೇಶೋತ್ಸವಕ್ಕೂ ಒಂದೊಂದು ಚಿತ್ರ ಹೊತ್ತು ತರುತ್ತಿದ್ದಳು. ಜನ ಅದರ ಮುಂದೆಯೇ ಹಾದು ನೇರ ಪುಳಿಯೋಗರೆಯ ಕಡೆಗೆ ನಡೆಯುತ್ತಿದ್ದರು. ಈ ವರ್ಷ, 2016ರಲ್ಲಿ, ಕೊನೆಗೂ ನಿಂತಿದ್ದಾರೆ. ನಿಂತು ಕಣ್ಣು ಮುಚ್ಚಿಕೊಂಡಿದ್ದಾರೆ.

ಸಂಘದ ಕಾರ್ಯದರ್ಶಿ ಉಮಾಪತಿ ಫೋನ್ ಹಿಡಿದು ಓಡಿಬಂದ. "ಅಹಲ್ಯಾ ಅವ್ರೇ, ಗ್ರೂಪಲ್ಲಿ ಫೋಟೋ ಹಾಕಿದ್ದೇ ತಡ, ಅಡಿಲೇಡ್‌ನವ್ರು ರಾಜ್ಯೋತ್ಸವಕ್ಕೆ ಬೇಕು ಅಂತಿದಾರೆ. ಬ್ರಿಸ್ಬೇನ್‌ನವ್ರು ದೀಪಾವಳಿ ಸ್ಟೇಜಿಗೆ ಕಳ್ಸಿ ಅಂತಿದಾರೆ. ಕೆಳಗೊಂದು ಚೀಟಿ ಅಂಟಿಸ್ಬಿಡಿ ಸಾಕು. ಗಣಪತಿ, ಕಲಾವಿದೆ ಅಹಲ್ಯಾ, ಪರ್ತ್."

ಅಹಲ್ಯಾಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಹೋದ ವರ್ಷವಷ್ಟೇ ಅಡಿಲೇಡಿನ ಗ್ಯಾಲರಿಯೊಂದು ಅವಳ ಚಿತ್ರಗಳನ್ನು ನಯವಾದ ಪತ್ರದ ಜೊತೆ ವಾಪಸು ಕಳಿಸಿತ್ತು. ಈಗ ಒಂದೇ ಒಂದು ಪದ ಬರೆದರೆ ಎರಡು ಊರು ಸುತ್ತುವ ಯೋಗ. ಗಣಪತಿಯ ಮೇಲೆ ಅವಳಿಗೇನು ಮುನಿಸೇ? ಬೆಳಿಗ್ಗೆ ಮನೆಯಲ್ಲಿ ಕಡುಬು ಮಾಡಿ ನೈವೇದ್ಯಕ್ಕಿಟ್ಟೇ ಬಂದವಳು. ಅವಳು ಮತ್ತೊಮ್ಮೆ ಆ ಮುಚ್ಚಿದ ಕಣ್ಣುಗಳನ್ನು ನೋಡಿದಳು.

"ಇಲ್ಲ ಉಮಾಪತಿ. ಇದು ಗಣಪತಿ ಅಲ್ಲ."

"ಅಯ್ಯೋ, ಎಲ್ಲಾರ್ಗೂ ಕಾಣ್ತಿದೆಯಲ್ರೀ!"

"ಕಾಣ್ಲಿ, ಬೇಡ ಅನ್ನಲ್ಲ. ಆದ್ರೆ ನಾನು ಬರೆದಿಲ್ಲ. ಬರೀದೆ ಇರೋದನ್ನ ಬರೆದೆ ಅಂತ ಚೀಟಿ ಅಂಟಿಸೋಕೆ ನನ್ನಿಂದ ಆಗಲ್ಲ."

"ಮತ್ತೆ ಇದೇನು?"

"ಬಣ್ಣ."

"ಬರೀ ಬಣ್ಣನ ಬ್ರಿಸ್ಬೇನಿಗೆ ಹ್ಯಾಗ್ರೀ ಕಳ್ಸೋದು?"

"ಕಳಿಸ್ಬೇಡಿ."

ಅಹಲ್ಯಾ ಹುಲ್ಲನ್ನು ಟೇಪಿನ ಸಮೇತ ಮೆಲ್ಲಗೆ ಬಿಡಿಸಿ ದೇವರ ಮಂಟಪದಲ್ಲಿಟ್ಟಳು. ಕರವಸ್ತ್ರ ಒದ್ದೆ ಮಾಡಿಕೊಂಡು ಬಂದು ಕುಂಕುಮ ಒರೆಸಿದಳು. ಪೂರ್ತಿ ಹೋಗುವವರೆಗೆ ಒರೆಸಿದಳು. ಯಾರೋ "ಅಪಚಾರ" ಎಂದು ಗೊಣಗಿದರು. ಚಪ್ಪಲಿಗಳು ಒಂದೊಂದಾಗಿ ಕಾಲಿಗೇರಿ ಊಟದ ಕಡೆ ಹೊರಟವು. ಉಮಾಪತಿ ಮುಖ ಸಪ್ಪಗೆ ಮಾಡಿಕೊಂಡು ಬ್ರಿಸ್ಬೇನಿಗೆ ಏನೋ ಟೈಪ್ ಮಾಡುತ್ತಾ ಹೋದ.

ಉಳಿದವರು ನಾಗವೇಣಿ ಆಂಟಿ ಒಬ್ಬರೇ.

"ಬೇಜಾರಾಯ್ತಾ ಆಂಟಿ?"

ಆಂಟಿ ಬ್ಯಾಗಿನಿಂದ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದರು. ಎರಡು ಹೆಜ್ಜೆ ಹಿಂದೆ ಬಂದರು. ತಲೆ ಒಂದು ಕಡೆಗೆ ಓರೆ ಮಾಡಿ ನೋಡಿದರು, ಆಮೇಲೆ ಇನ್ನೊಂದು ಕಡೆಗೆ. ಈ ಆರು ವರ್ಷದಲ್ಲಿ ಅವಳ ಯಾವ ಚಿತ್ರದ ಮುಂದೆಯೂ ಯಾರೂ ಇಷ್ಟು ಹೊತ್ತು ಕಣ್ಣು ಬಿಟ್ಟುಕೊಂಡು ನಿಂತಿರಲಿಲ್ಲ. ಅಹಲ್ಯಾ ಕಾದಳು.

"ನಿಜವಾಗ್ಲೂ ದೇವರಲ್ಲ ತಾನೇ?"

"ಅಲ್ಲ ಆಂಟಿ."

"ಹಾಗಿದ್ರೆ ಹೇಳ್ತೀನಿ. ಕೆಳಗಡೆ ಆ ನೀಲಿ ಸರಿಯಿಲ್ಲ ಕಣೇ, ಕೇಸರಿನ ನುಂಗ್ತಾ ಇದೆ. ಆಗ್ಲೇ ಅನ್ನಿಸ್ತು. ದೇವರಿಗೆ ಹೇಗೆ ಹೇಳೋದು ಅಂತ ಸುಮ್ನೆ ಕಣ್ಣು ಮುಚ್ಕೊಂಡೆ."